ಹಳೆಯ ಬೂಟಿನಿಂದ ಎರಕದ ತಟ್ಟೆಯವರೆಗೆ

ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಾಡಿನ ಪ್ರದೇಶ. ಹತ್ತೊಂಬತ್ತನೆಯ ಶತಮಾನ ಮುಗಿಯುತ್ತಿದ್ದ ಆ ದಿನಗಳಲ್ಲಿ ಅಲ್ಲಿನ ಕುದುರೆಗಾಡಿಯವರು ಇಳಿಜಾರಿನಲ್ಲಿ ಗಾಲಿಗೆ ಒತ್ತುವ ಮರದ ತುಂಡಿಗೆ ಹಳೆಯ ಬೂಟನ್ನು ಮೊಳೆ ಹೊಡೆದು ಕೂರಿಸುತ್ತಿದ್ದರಂತೆ. ಬರೀ ಮರ ಜಾರುತ್ತಿತ್ತು, ಚರ್ಮ ಕಚ್ಚಿ ಹಿಡಿಯುತ್ತಿತ್ತು. ಇದನ್ನು ಗಮನಿಸಿದ ಹರ್ಬರ್ಟ್ ಫ್ರೂಡ್ ಎಂಬಾತ 1897ರಲ್ಲಿ ಬ್ರೇಕಿಗೆಂದೇ ಘರ್ಷಣೆಯ ಪಟ್ಟಿ ತಯಾರಿಸುವ ಕೆಲಸಕ್ಕೆ ಕೈಹಾಕಿದ. ತನ್ನ ಹೆಸರಿನ ಅಕ್ಷರಗಳನ್ನು ಹಿಂದುಮುಂದಾಗಿಸಿ, ಹೆಂಡತಿ ಎಲಿಜಬೆತ್‌ಳ ಮೊದಲಕ್ಷರ ಸೇರಿಸಿ ಆತ ಇಟ್ಟ 'ಫೆರೋಡೊ' ಎಂಬ ಹೆಸರು ಇಂದಿಗೂ ಬಿಡಿಭಾಗಗಳ ಅಂಗಡಿಗಳಲ್ಲಿ ಕಾಣಸಿಗುತ್ತದೆ.

ಡಿಸ್ಕ್ ಬ್ರೇಕು ಇತ್ತೀಚಿನದೆಂಬ ಭಾವನೆ ಸಾಮಾನ್ಯ. ಅದಕ್ಕೆ ನೂರಿಪ್ಪತ್ತು ವರ್ಷ ದಾಟಿದೆ. 1902ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಫ್ರೆಡರಿಕ್ ಲ್ಯಾಂಚೆಸ್ಟರ್ ಇದಕ್ಕೆ ಪೇಟೆಂಟ್ ಪಡೆದ. ಗಾಲಿಯ ಜೊತೆ ತಿರುಗುವ ಲೋಹದ ತಟ್ಟೆಯನ್ನು ಎರಡೂ ಬದಿಯಿಂದ ಚಿಮಟದಂತೆ ಹಿಡಿಯುವುದು ಆತನ ಉಪಾಯ. ಆದರೆ ಹಿಡಿಯುವ ತುಣುಕು ತಾಮ್ರದ್ದು. ಲೋಹಕ್ಕೆ ಲೋಹ ಉಜ್ಜಿ ಬೀದಿಯೆಲ್ಲ ಕಿವಿ ಮುಚ್ಚಿಕೊಳ್ಳುವಂಥ ಕಿರುಚಾಟ! ಇದಕ್ಕೆ ಕಲ್ನಾರಿನ ಪಟ್ಟಿಯ ಪರಿಹಾರ ಸೂಚಿಸಿದವನೂ ಫ್ರೂಡನೇ, 1907ರಲ್ಲಿ. ಅಷ್ಟರಲ್ಲಿ ಫ್ರಾನ್ಸಿನ ಲೂಯಿ ರೆನೊ ರೂಪಿಸಿದ ಡ್ರಮ್ ಬ್ರೇಕು ಬೇರೂರತೊಡಗಿತ್ತು. ಡ್ರಮ್ಮು ಅಗ್ಗ, ಗಟ್ಟಿ, ಕೆಸರು ಧೂಳು ಒಳಹೋಗದಂತೆ ಮುಚ್ಚಿದ ಡಬ್ಬಿ. ಲಾರಿಯವರಿಗೆ ಇನ್ನೇನು ಬೇಕು?

ಕಲ್ನಾರಿನ ಬೆಲೆ ತೆತ್ತವರು ಬೇರೆಯವರು. 1924ರಲ್ಲಿ ರೋಚ್‌ಡೇಲ್‌ನ ಕಾರ್ಖಾನೆಯಲ್ಲಿ ಕಲ್ನಾರಿನ ನೂಲು ತೆಗೆಯುತ್ತಿದ್ದ ನೆಲ್ಲಿ ಕರ್ಷಾ ಎಂಬ ಹೆಂಗಸು ತೀರಿಕೊಂಡಾಗ, ಆಕೆಯ ಶ್ವಾಸಕೋಶದಲ್ಲಿ ಹೊಕ್ಕಿದ್ದ ಎಳೆಗಳನ್ನು ವೈದ್ಯ ವಿಲಿಯಂ ಕುಕ್ ಸೂಕ್ಷ್ಮದರ್ಶಕದಡಿ ಕಂಡು ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದರು. ಬ್ರಿಟನ್ನು ಕಲ್ನಾರನ್ನು ಪೂರ್ತಿ ನಿಷೇಧಿಸಲು ಅಲ್ಲಿಂದ 75 ವರ್ಷ ಹಿಡಿಯಿತು, 1999ರವರೆಗೆ. ಈ ನಡುವೆ ಎಷ್ಟು ಗ್ಯಾರೇಜುಗಳಲ್ಲಿ ಎಷ್ಟು ಹುಡುಗರು ಡ್ರಮ್ಮಿನ ಧೂಳನ್ನು ಗಾಳಿ ಪೈಪಿನಿಂದ ಊದಿ ಊದಿ ಕುಡಿದರೋ ಲೆಕ್ಕವಿಟ್ಟವರಿಲ್ಲ.

ಲಾರಿಯ ಬ್ರೇಕಿಗೆ ಬಲ ಕೊಡುವ ಗಾಳಿ ಬಂದದ್ದು ರೈಲಿನಿಂದ. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಗಾಳಿ ಬ್ರೇಕಿಗೆ ಪೇಟೆಂಟ್ ಪಡೆದ. 1872ರಲ್ಲಿ ಅದನ್ನು ತಲೆಕೆಳಗು ಮಾಡಿದ. ಕೊಳವೆ ಒಡೆದು ಗಾಳಿ ಸೋರಿದರೆ ಬ್ರೇಕು ತಾನಾಗಿ ಬೀಳಬೇಕು ಎಂದು. ಇಂದಿನ ಲಾರಿಯ ಹಿಂದಿನ ಗಾಲಿಗಳಲ್ಲಿರುವ ಬಲವಾದ ಸ್ಪ್ರಿಂಗೂ ಇದೇ ತರ್ಕದ್ದು. ಗಾಳಿ ಇರುವವರೆಗೆ ಸ್ಪ್ರಿಂಗು ಅದುಮಿಕೊಂಡಿರುತ್ತದೆ, ಗಾಳಿ ಹೋದರೆ ಬಿಚ್ಚಿಕೊಂಡು ಬ್ರೇಕು ಹಿಡಿಯುತ್ತದೆ. ಹಾಗಾದರೆ ಶಿರಾಡಿಯಂಥ ಘಾಟಿಗಳಲ್ಲಿ 'ಬ್ರೇಕ್ ಫೇಲ್' ಆಗುವುದು ಹೇಗೆ? ಅನೇಕ ಸಲ ಅಪರಾಧಿ ಗಾಳಿಯಲ್ಲ, ಬಿಸಿ.

40 ಟನ್ನಿನ ಲಾರಿಯನ್ನು ಗಂಟೆಗೆ 80 ಕಿಲೋಮೀಟರ್ ವೇಗದಿಂದ ಒಮ್ಮೆ ನಿಲ್ಲಿಸಿದರೆ ಹುಟ್ಟುವ ಶಾಖ ಸುಮಾರು 30 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಅದೇ ಲಾರಿ 500 ಮೀಟರ್ ಎತ್ತರದಿಂದ ಕೆಳಗಿಳಿಯುವಾಗ ಕರಗಿಸಬೇಕಾದ ಶಕ್ತಿ ಇದರ ಇಪ್ಪತ್ತು ಪಟ್ಟು. ಅಷ್ಟನ್ನೂ ಬ್ರೇಕಿನ ಮೇಲೇ ಹೊರಿಸಿದರೆ ಡ್ರಮ್ಮು ಕಾದು ಹಿಗ್ಗುತ್ತದೆ, ಹಿಗ್ಗಿದಷ್ಟೂ ಒಳಗಿನ ಶೂಗಳಿಂದ ದೂರ ಸರಿಯುತ್ತದೆ. ಚಾಲಕ ಎಷ್ಟು ತುಳಿದರೂ ಒತ್ತುಕೋಲಿನ ಚಲನೆ ಮುಗಿದುಹೋಗಿರುತ್ತದೆ. ತಟ್ಟೆಯ ಗುಣ ಇದಕ್ಕೆ ವಿರುದ್ಧ. ಅದು ಕಾದರೆ ದಪ್ಪವಾಗಿ ಪ್ಯಾಡಿನ ಕಡೆಗೇ ಹಿಗ್ಗುತ್ತದೆ; ತೆರೆದ ಗಾಳಿಯಲ್ಲಿ ಬೇಗ ತಣಿಯುತ್ತದೆ ಕೂಡ.

1953ರಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಲ ಮಾನ್ಸ್ ಪಂದ್ಯ ಗೆದ್ದಾಗ ಕಾರಿನವರು ಕಣ್ಣು ತೆರೆದರು. ಲಾರಿಯವರು ಇನ್ನೂ ನಾಲ್ಕು ದಶಕ ಕಾದರು. 1996ರಲ್ಲಿ ಬಂದ ಮರ್ಸಿಡಿಸ್‌ನ ಆಕ್ಟ್ರೋಸ್ ಲಾರಿ ಎಲ್ಲ ಗಾಲಿಗಳಿಗೂ ತಟ್ಟೆ ಹಾಕಿ, ಬ್ರೇಕಿನ ಆಜ್ಞೆಯನ್ನು ವಿದ್ಯುತ್ ತಂತಿಯ ಮೂಲಕ ಕಳಿಸಿತು. ಅಮೆರಿಕವಂತೂ 2009ರಲ್ಲಿ ಹೊಸ ನಿಯಮ ತಂದು, ಬಹುಪಾಲು ಟ್ರಾಕ್ಟರ್ ಲಾರಿಗಳು ಗಂಟೆಗೆ 60 ಮೈಲಿ ವೇಗದಿಂದ ನಿಲ್ಲುವ ದೂರವನ್ನು 355 ಅಡಿಯಿಂದ 250ಕ್ಕೆ ಇಳಿಸಿತು. ಭಾರತದ ಲಾರಿಗಳಲ್ಲಿ ಬಹುಪಾಲು ಇಂದಿಗೂ ಡ್ರಮ್ಮಿನವೇ.

ತಟ್ಟೆ ಬಂದ ಮಾತ್ರಕ್ಕೆ ಉದಾಸೀನಕ್ಕೆ ಅವಕಾಶವಿಲ್ಲ. ಡಿಸ್ಕ್ ಬ್ರೇಕಿನ ದೊಡ್ಡ ಶತ್ರು ಸಣ್ಣದೊಂದು ರಬ್ಬರಿನ ಹರಕು. ಕ್ಯಾಲಿಪರ್ ಜಾರಾಡುವ ಪಿನ್ನುಗಳ ಮೇಲಿನ ರಬ್ಬರ್ ಕವಚ ಹರಿದರೆ ನೀರು ಸೇರಿ ಪಿನ್ನು ತುಕ್ಕು ಹಿಡಿಯುತ್ತದೆ. ಕ್ಯಾಲಿಪರ್ ಅಂಟಿಕೊಳ್ಳುತ್ತದೆ. ಒಂದು ಬದಿಯ ಪ್ಯಾಡು ತಗಡಿನಂತೆ ಸವೆದು ಇನ್ನೊಂದು ಹೊಸದರಂತೆ ಉಳಿದಿದ್ದರೆ ರೋಗ ಇದೇ ಎಂದು ಶಂಕಿಸಬೇಕು. ಅಲ್ಲಿ ಹೊಸ ಪ್ಯಾಡು ಹಾಕಿ ಕೈತೊಳೆದುಕೊಳ್ಳುವುದು ಹಣ ದಂಡ. ತಟ್ಟೆಯ ಮೇಲೆ ಜೇಡರ ಬಲೆಯಂಥ ನವಿರು ಗೆರೆಗಳಿದ್ದರೆ ಗಾಬರಿ ಬೇಡ. ಒಳಅಂಚಿನಿಂದ ಹೊರಅಂಚಿಗೆ ಹಾದ ಬಿರುಕು ಕಂಡರೆ ತಟ್ಟೆ ಗುಜರಿಗೆ. ಎಷ್ಟು ತೆಳ್ಳಗಾದರೆ ಬದಲಿಸಬೇಕೆಂಬುದಕ್ಕೆ ತಯಾರಕರ ಅಳತೆ ಇರುತ್ತದೆ. ಪ್ಯಾಡುಗಳನ್ನು ಒಂದು ಆಕ್ಸಲಿನ ಎರಡೂ ಬದಿಗೆ ಒಟ್ಟಿಗೇ, ಒಂದೇ ಜಾತಿಯದನ್ನು ಹಾಕಬೇಕು. ಇಲ್ಲವಾದರೆ ಬ್ರೇಕು ತುಳಿದಾಗ ಲಾರಿ ಪಕ್ಕಕ್ಕೆಳೆಯುತ್ತದೆ.

ಯಾವ ಪ್ಯಾಡು ಕೊಳ್ಳಬೇಕು? ಬಣ್ಣದ ಪೆಟ್ಟಿಗೆ ನೋಡಿ ಹೇಳುವುದು ಕಷ್ಟ. ಯುರೋಪಿನಲ್ಲಿ ಇದಕ್ಕೆ ವಿಶ್ವಸಂಸ್ಥೆಯ 90ನೇ ನಿಯಮ ಬಂತು: ಬದಲಿ ಪ್ಯಾಡಿನ ಹಿಡಿತ ಮೂಲ ಪ್ಯಾಡಿಗಿಂತ ಶೇಕಡಾ 15ಕ್ಕಿಂತ ಹೆಚ್ಚು ಏರುಪೇರಾಗಬಾರದು. ಪರೀಕ್ಷೆ ದಾಟಿದವುಗಳ ಮೇಲೆ 'ಇ' ಅಕ್ಷರದ ಮುದ್ರೆ ಇರುತ್ತದೆ. ಕಡಿಮೆ ಹಿಡಿಯುವುದರಷ್ಟೇ ಹೆಚ್ಚು ಹಿಡಿಯುವುದೂ ಇಲ್ಲಿ ದೋಷ ಎಂಬುದು ಗಮನಿಸತಕ್ಕ ಮಾತು. ಮುಂದಿನ ಎಳೆಯುವ ಲಾರಿಗೆ ತಟ್ಟೆ, ಹಿಂದಿನ ಟ್ರೇಲರಿಗೆ ಸರಿಹೊಂದಿಸದ ಡ್ರಮ್ಮು ಎಂಬ ಜೋಡಿಯಲ್ಲೂ ಇದೇ ಅಸಮತೋಲ. ಹಿಂದಿನದು ಸುಮ್ಮನಿರುತ್ತದೆ, ಮುಂದಿನದು ಇಬ್ಬರ ಪಾಲನ್ನೂ ದುಡಿದು ತಿಂಗಳುಗಳಲ್ಲೇ ಸವೆಯುತ್ತದೆ. ಮಾಲೀಕ ಪ್ಯಾಡಿನ ಕಂಪನಿಯನ್ನು ಬೈಯುತ್ತಾನೆ. ಟ್ರೇಲರಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ.