ಸರ್ಕಾರಿ ವಿವಿಯಲ್ಲಿ ಆಸ್ಟಿಯೋಪಥಿಕ್ ಮೆಡಿಕಲ್ ಕಾಲೇಜು: ಪ್ರಸ್ತಾವದಿಂದ ಡಾಕ್ಟರ್ ಬರೋವರೆಗೆ ಎಷ್ಟು ಮೆಟ್ಟಿಲು?

ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋಗಿ ಬಂದವರು, ಅಲ್ಲಿನ ಕೆಲವು ಡಾಕ್ಟರುಗಳ ಹೆಸರಿನ ಪಕ್ಕ ಎಂ.ಡಿ. ಬದಲು ಡಿ.ಓ. ಅಂತ ಇರುವುದನ್ನು ನೋಡಿರಬಹುದು. ಇವರು ಓದಿರೋದು ಆಸ್ಟಿಯೋಪಥಿಕ್ ಮೆಡಿಕಲ್ ಕಾಲೇಜಿನಲ್ಲಿ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯವೊಂದು ಇಂಥ ಕಾಲೇಜು ತೆರೆಯಬೇಕಾದರೆ ಏನೇನು ಆಗಬೇಕು? ವಿವರ ಇಲ್ಲಿದೆ.

ಡಿ.ಓ. ಅಂದ್ರೆ ಯಾರು?
ಮೊದಲ ಶಾಲೆ ತೆರೆದವರು ಆಂಡ್ರ್ಯೂ ಟೇಲರ್ ಸ್ಟಿಲ್, 1892ರಲ್ಲಿ, ಮಿಸೌರಿ ರಾಜ್ಯದ ಕರ್ಕ್ಸ್‌ವಿಲ್‌ನಲ್ಲಿ. ಇಂದು ಅಮೆರಿಕದ ಡಿ.ಓ.ಗಳು ಪೂರ್ಣ ಪ್ರಮಾಣದ ವೈದ್ಯರು. ಔಷಧಿ ಬರೆಯುತ್ತಾರೆ, ಆಪರೇಷನ್ನೂ ಮಾಡುತ್ತಾರೆ. ಜೊತೆಗೆ ಕೀಲು, ಸ್ನಾಯುಗಳಿಗೆ ಕೈಯಿಂದಲೇ ಚಿಕಿತ್ಸೆ ಕೊಡುವ ತರಬೇತಿ ಇರುತ್ತದೆ. ಬ್ರಿಟನ್‌ನ ಆಸ್ಟಿಯೋಪಾತ್‌ಗಳು ಕೈಚಿಕಿತ್ಸೆ ಮಾತ್ರ ಮಾಡುವವರು. ಎರಡೂ ಒಂದೇ ಅಲ್ಲ.

ಸರ್ಕಾರಿ ವಿವಿಗೆ ಬಂದದ್ದು ಯಾವಾಗ?
1969ರಲ್ಲಿ ಖಾಸಗಿಯಾಗಿ ಶುರುವಾದ ಕಾಲೇಜೊಂದು 1971ರಲ್ಲಿ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಗೆ ಬಂತು. ಸರ್ಕಾರಿ ವಿವಿಯಲ್ಲಿ ಅದೇ ಮೊದಲನೆಯದು. ಹಳ್ಳಿಗಾಡಿಗೆ ವೈದ್ಯರು ಸಿಗಲಿ ಅಂತ ಒಹಾಯೊ ಶಾಸನಸಭೆ 1975ರಲ್ಲಿ ಒಹಾಯೊ ಯೂನಿವರ್ಸಿಟಿಗೆ ಇಂಥದ್ದೇ ಕಾಲೇಜು ಕೊಟ್ಟಿತು.

ಮೆಟ್ಟಿಲುಗಳು
ಕಾನೂನು, ಹಣ: ಕೊಲರಾಡೊದ ಗ್ರೀಲಿಯಲ್ಲಿರುವ ಯೂನಿವರ್ಸಿಟಿ ಆಫ್ ನಾರ್ದರ್ನ್ ಕೊಲರಾಡೊಗೆ ಈ ಪದವಿ ಕೊಡುವ ಅಧಿಕಾರ ಸಿಕ್ಕಿದ್ದು 2022ರ ಕಾನೂನಿನಿಂದ. ಕಟ್ಟಡದ ಹಣಕ್ಕೆ 2024ರಲ್ಲಿ ಇನ್ನೊಂದು ಕಾನೂನು ಬೇಕಾಯಿತು.

ಮಾನ್ಯತೆ: ಮಾನ್ಯತಾ ಆಯೋಗ ಪೂರ್ವ ಮಾನ್ಯತೆ ಕೊಡುವವರೆಗೆ ಒಬ್ಬ ವಿದ್ಯಾರ್ಥಿಯನ್ನೂ ಸೇರಿಸಿಕೊಳ್ಳುವಂತಿಲ್ಲ. ಪೂರ್ಣ ಮಾನ್ಯತೆ ಸಿಗೋದು ಮೊದಲ ಬ್ಯಾಚ್ ಓದು ಮುಗಿಸುವ ಹೊತ್ತಿಗೆ.

ಆಸ್ಪತ್ರೆ: ಈ ಕಾಲೇಜುಗಳಿಗೆ ಸಾಮಾನ್ಯವಾಗಿ ಸ್ವಂತ ದೊಡ್ಡಾಸ್ಪತ್ರೆ ಇರೋದಿಲ್ಲ. ಮೂರು ಮತ್ತು ನಾಲ್ಕನೇ ವರ್ಷದ ಪಾಠ ಸುತ್ತಲಿನ ಊರುಗಳ ಆಸ್ಪತ್ರೆಗಳಲ್ಲೇ. ಹಾಗಾಗಿ ಆ ಆಸ್ಪತ್ರೆಗಳ ಜೊತೆ ಮೊದಲೇ ಒಪ್ಪಂದ ಆಗಬೇಕು. ಬೇರೆ ಕಾಲೇಜಿನವರು ಅಲ್ಲಿ ಮೊದಲೇ ತುಂಬಿಕೊಂಡಿದ್ದರೆ ಹೊಸಬರಿಗೆ ಜಾಗ ಸಿಗೋದು ಕಷ್ಟ.

ಅಸಲಿ ಪ್ರಶ್ನೆ
ಪದವಿಯ ನಂತರ ಓದಿಗೆ ನಾಲ್ಕು ವರ್ಷ, ಆಮೇಲೆ ರೆಸಿಡೆನ್ಸಿ ಕನಿಷ್ಠ ಮೂರು ವರ್ಷ. ಅಂದ್ರೆ ಬಾಗಿಲು ತೆರೆದ ಏಳು ವರ್ಷಕ್ಕೆ ಮೊದಲ ವೈದ್ಯರು ಹೊರಬರುತ್ತಾರೆ. ರೆಸಿಡೆನ್ಸಿ ಮಾಡಿದ ಕಡೆಯಲ್ಲೇ ನೆಲೆ ನಿಲ್ಲುವವರು ಹೆಚ್ಚು. ಕಾಲೇಜು ಕಟ್ಟಿ ರೆಸಿಡೆನ್ಸಿ ಸೀಟು ಹೆಚ್ಚಿಸದಿದ್ದರೆ, ಖರ್ಚು ಒಂದೂರಿನದು, ಡಾಕ್ಟರ್ ಇನ್ನೊಂದೂರಿನವರು ಅನ್ನೋ ಹಾಗಾಗುತ್ತದೆ. ಹಾಗಾಗಿ ಇಂಥ ಪ್ರಸ್ತಾವ ಬಂದಾಗ ಕಟ್ಟಡದ ನಕ್ಷೆಗಿಂತ ಮೊದಲು ಕೇಳಬೇಕಾದದ್ದು: ವಿದ್ಯಾರ್ಥಿಗಳು ಯಾವ ಆಸ್ಪತ್ರೆಯಲ್ಲಿ ಕಲಿಯುತ್ತಾರೆ, ಹತ್ತಿರದಲ್ಲಿ ರೆಸಿಡೆನ್ಸಿ ಸೀಟು ಎಷ್ಟಿವೆ?