ತಿಪ್ಪಾರಳ್ಳಿಯ ನಾಲಿಗೆ, ರಂಗನ ಕಾಗುಣಿತ

ಹಾಡಿ ಕಲಿತದ್ದು ಬೇಗ ಮರೆಯುವುದಿಲ್ಲವೆಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲರು. ಮಗ್ಗಿಯನ್ನೂ ಅಮರಕೋಶವನ್ನೂ ರಾಗವಾಗಿ ಬಾಯಿಪಾಠ ಮಾಡಿಸುತ್ತಿದ್ದುದು ಅದಕ್ಕಾಗಿಯೇ. ಆದರೆ ಜನರು ಮೋಜಿಗೆಂದು ಹಾಡುವ ಹಾಡಿನಿಂದಲೂ ಭಾಷೆಯ ಪಾಠವಾದೀತೆಂದು ಬೆಂಗಳೂರಿಗೆ ತೋರಿಸಿಕೊಟ್ಟವರು ಟಿ. ಪಿ. ಕೈಲಾಸಂ.

ಆಗಿನ ಬೆಂಗಳೂರನ್ನು ಸ್ವಲ್ಪ ನೆನೆಯಬೇಕು. 1892ರಲ್ಲಿ ಚಾಮರಾಜಪೇಟೆ, 1898ರ ಪ್ಲೇಗಿನ ಬೆನ್ನಿಗೆ ಬಸವನಗುಡಿ ಮತ್ತು ಮಲ್ಲೇಶ್ವರ ತಲೆಯೆತ್ತಿದವು. ಈ ಬಡಾವಣೆಗಳ ವಿದ್ಯಾವಂತರ ಮನೆಗಳಲ್ಲಿ ಅಡಿಗೆಮನೆಯ ಮಾತು ಕನ್ನಡವೋ ತಮಿಳೋ ತೆಲುಗೋ. ಕಚೇರಿಯ ಮಾತು, ಗೌರವದ ಮಾತು ಇಂಗ್ಲಿಷು. ಕೈಲಾಸಂ ಅವರ ಮನೆಮಾತೇ ತಮಿಳು. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ 1915ರಲ್ಲೇ ಅವರು ಲಂಡನ್ನಿನಿಂದ ಹಿಂತಿರುಗಿದರು. ಕಲಿಯಲು ಹೋದದ್ದು ಭೂಗರ್ಭಶಾಸ್ತ್ರ. ಹೊತ್ತು ತಂದದ್ದು ರಂಗಭೂಮಿಯ ಹುಚ್ಚು.

1912ರಲ್ಲಿ ಹುಟ್ಟಿ, 1914ರ ಮಹಾಯುದ್ಧದಲ್ಲಿ ಬ್ರಿಟಿಷ್ ಸಿಪಾಯಿಗಳ ಬಾಯಲ್ಲಿ ಮೆರೆದ ‘ಟಿಪ್ಪರೇರಿ’ಯ ಧಾಟಿಗೆ ಅವರು ‘ತಿಪ್ಪಾರಳ್ಳಿ’ಯನ್ನು ಕಟ್ಟಿದರು. ಐರ್ಲೆಂಡಿನ ಊರು ಕನ್ನಡದ ಹಳ್ಳಿಯಾಯಿತು. ಅದೂ ‘ಹಳ್ಳಿ’ಯಲ್ಲ, ‘ಅಳ್ಳಿ’! ಹಕಾರವನ್ನು ನುಂಗುವ ನಾಲಿಗೆಯನ್ನು ತಿದ್ದುವುದು ಪಂತೋಜಿಗಳ ಕೆಲಸ. ಕೈಲಾಸಂ ಅದನ್ನು ತಿದ್ದದೆ ಹಾಡಿಗೇರಿಸಿದರು. ಹಾಡುವ ಪಟ್ಟಣಿಗನ ನಾಲಿಗೆಯೇ ಹಳ್ಳಿಯ ಉಚ್ಚಾರಣೆಗೆ ಹೊರಳಬೇಕಾಯಿತು.

‘ಕೋಳೀಕೆ ರಂಗ’ನ ಪಾಠ ಬೇರೆಯದು. 1928ರ ‘ಕಾನ್‌ಸ್ಟಾಂಟಿನೋಪಲ್’ ಎಂಬ ಇಂಗ್ಲಿಷ್ ಹಾಡಿನ ತಮಾಷೆಯೆಲ್ಲ ಊರಿನ ಉದ್ದನೆಯ ಹೆಸರನ್ನು ಒಂದೊಂದೇ ಅಕ್ಷರವಾಗಿ ಬಿಡಿಸುವುದರಲ್ಲಿದೆ. ಕನ್ನಡಕ್ಕೆ ಆ ಬಗೆಯ ಸ್ಪೆಲ್ಲಿಂಗ್ ಇಲ್ಲ, ಇರುವುದು ಕಾಗುಣಿತ. ಕೈಲಾಸಂ ಅದನ್ನೇ ತಾಳಕ್ಕೆ ಕೂಡಿಸಿದರು. ವ್ಯಂಜನಕ್ಕೆ ಸ್ವರ ಸೇರಿ ಅಕ್ಷರವಾಗುವ ಬಗೆ, ಅನುಸ್ವಾರದ ಸೊನ್ನೆ, ಎಲ್ಲವೂ ರಂಗನ ಹೆಸರಿನೊಳಗೇ ಬಂದುಬಿಟ್ಟವು. 1930ರಲ್ಲಿ ತುರ್ಕರು ತಮ್ಮ ಊರನ್ನು ಇಸ್ತಾಂಬುಲ್ ಎಂದೇ ಕರೆಯಬೇಕೆಂದು ಹೊರನಾಡುಗಳಿಗೆ ತಿಳಿಸಿದರು. ನಮ್ಮ ರಂಗನ ಹೆಸರಿಗೆ ಮಾತ್ರ ಚ್ಯುತಿ ಬರಲಿಲ್ಲ.

ಒಂದು ಹಾಡು ಕಿವಿಗೆ, ಇನ್ನೊಂದು ಕಣ್ಣಿಗೆ. ನುಡಿಯುವ ಕನ್ನಡವೂ ಬರೆಯುವ ಕನ್ನಡವೂ ಹೀಗೆ ನಗುನಗುತ್ತಲೇ ಒಂದೆಡೆ ಸೇರಿದವು. ಹಾಸ್ಯಗಾರರೆಂದು ಹೆಸರಾದ ಈ ಮಹನೀಯರನ್ನು ಕನ್ನಡಿಗರು 1945ರ ಮದರಾಸಿನ ಸಾಹಿತ್ಯ ಸಮ್ಮೇಳನದಲ್ಲಿ ಅಧ್ಯಕ್ಷ ಪೀಠದಲ್ಲಿ ಕುಳ್ಳಿರಿಸಿದರು.

ಇಂದು ಅದೇ ಬಡಾವಣೆಗಳಲ್ಲಿ ಕನ್ನಡ ಹಾಡನ್ನು ಸೊಗಸಾಗಿ ಹಾಡಿ, ಅಂಗಡಿಯ ಕನ್ನಡ ಫಲಕದ ಮುಂದೆ ತಡವರಿಸುವ ಮಕ್ಕಳಿದ್ದಾರೆ. ಹಾಡು ಪದವನ್ನು ನಾಲಿಗೆಗೆ ತಂದುಕೊಡುತ್ತದೆ. ಅಕ್ಷರದವರೆಗೆ ಕೈಹಿಡಿದು ನಡೆಸುವವರು ಬೇಕು. ರಂಗ ಇನ್ನೂ ಆ ಕೆಲಸಕ್ಕೆ ಸಿದ್ಧನಿದ್ದಾನೆ. ಮನೆಯಲ್ಲಿ ಹಿರಿಯರೊಬ್ಬರು ಹಾಡಿಸಬೇಕು, ಅಷ್ಟೆ.