ಮೇಗುತಿಯ ಗೋಡೆ, ಒದ್ದೆ ಕಾಗದ
ಲಿನಕ್ಸ್‌ನ ಕಪ್ಪು ಅಕ್ಷರಪರದೆಯನ್ನು ಎರಡು ರೀತಿ ಹಿಡಿದಿಡಬಹುದು. ಸೆಟ್‌ಟರ್ಮ್ ಆಜ್ಞೆ ಪರದೆಯ ಬರಹವನ್ನಷ್ಟೇ ಕಡತಕ್ಕೆ ಇಳಿಸುತ್ತದೆ; ಎಫ್‌ಬಿಗ್ರ್ಯಾಬ್ ಪರದೆಯ ಚಿತ್ರವನ್ನೇ ತೆಗೆಯುತ್ತದೆ. ಅಲ್ಲಿ ಬರಹ ಸಾಕು, ಯಂತ್ರ ತನ್ನ ಅಕ್ಷರವನ್ನು ತಾನೇ ಬಲ್ಲದು. ಕಲ್ಲಿಗೆ ಆ ಅನುಕೂಲವಿಲ್ಲ. ಶಾಸನದೆದುರು ಕೂತು ಬರೆದುಕೊಂಡರೆ ಸಿಗುವುದು ಬರೆದವರ ಓದು ಮಾತ್ರ.

ಅದಕ್ಕೇ ಪಡಿಯಚ್ಚು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಬಿರುಸಾದ ಬ್ರಷ್‌ನಿಂದ ಬಡಿಯುತ್ತಾರೆ. ಕಾಗದ ಅಕ್ಷರದ ಗುಳಿಗೆ ಇಳಿಯುತ್ತದೆ. ಮಸಿ ಹಚ್ಚಿದ ಬಟ್ಟೆಯುಂಡೆಯಿಂದ ಮೆಲ್ಲಗೆ ತಟ್ಟಿದರೆ ಸುತ್ತಲೂ ಕಪ್ಪಾಗಿ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಬಿರುಕು, ಚಕ್ಕೆ ಎದ್ದ ಜಾಗವೂ ಜೊತೆಗೇ ಬರುತ್ತದೆ. ನನ್ನ ಮಟ್ಟಿಗೆ ಅದೇ ಇದರ ದೊಡ್ಡ ಗುಣ.

ಹುನಗುಂದ ಸೀಮೆಯ ಐಹೊಳೆಯಲ್ಲಿ, ಮೇಗುತಿ ಗುಡಿಯ ಗೋಡೆಯ ಮೇಲೆ, ಇಮ್ಮಡಿ ಪುಲಕೇಶಿಯನ್ನು ಹೊಗಳುವ ರವಿಕೀರ್ತಿಯ ಶಾಸನವಿದೆ. ಶಕ 556, ಅಂದರೆ ಕ್ರಿ.ಶ. 634-35. ಕಾಳಿದಾಸ, ಭಾರವಿಯರ ಹೆಸರು ಅದರಲ್ಲಿದೆ. ಆ ಕವಿಗಳು ಇದಕ್ಕಿಂತ ಈಚಿನವರಲ್ಲ ಎಂದು ಹೇಳಲು ನಮಗಿರುವ ಗಟ್ಟಿ ಆಧಾರ ಇದೇ. ಇಸವಿಯ ಒಂದು ಪದ ತಪ್ಪು ಓದಿದರೂ ಸಂಸ್ಕೃತ ಕಾವ್ಯಚರಿತ್ರೆಯ ಲೆಕ್ಕ ಅಲುಗುತ್ತದೆ.

ಜೆ.ಎಫ್. ಫ್ಲೀಟ್ ಇದನ್ನು 1876ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದರು. ಅಷ್ಟಕ್ಕೆ ತೃಪ್ತರಾಗದೆ 1879ರಲ್ಲಿ ಅಲ್ಲಿಯೇ ಮತ್ತೆ ಪ್ರಕಟಿಸಿದರು. ಮುಂದೆ ‘ಎಪಿಗ್ರಾಫಿಯಾ ಇಂಡಿಕಾ’ದ ಆರನೆಯ ಸಂಪುಟದಲ್ಲಿ ಕೀಲ್‌ಹಾರ್ನ್ ಮತ್ತೊಮ್ಮೆ ಸಂಪಾದಿಸಿದರು. ಆಗ ಅವರಿದ್ದದ್ದು ಜರ್ಮನಿಯ ಗಟಿಂಗೆನ್‌ನಲ್ಲಿ, ಮೇಗುತಿಯ ಬೆಟ್ಟದಿಂದ ಸಾವಿರಾರು ಮೈಲಿ ದೂರ.